ಪುಟ್ಟ ಮಗುವಿಗಾಗಿ ಮನೆ ಮುಂದೆ ಡಿಸೇಬಲ್ಡ್ ಪಾರ್ಕಿಂಗ್: ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಡ್ರೈವ್‌ವೇ ಇರುವುದಿಲ್ಲ. ಸಂಜೆ ಆರರ ಮೇಲೆ ಬಂದರೆ ಮನೆ ಮುಂದೆ ಜಾಗ ಸಿಗುವುದು ಕಷ್ಟ. ಬಹಳ ಜನಕ್ಕೆ ಇದು ಸಣ್ಣ ಕಿರಿಕಿರಿ ಅಷ್ಟೇ. ಆದರೆ ತೋಳಲ್ಲಿ ಮಗು, ಕೈಯಲ್ಲಿ ಆಕ್ಸಿಜನ್ ಸಿಲಿಂಡರ್, ಹೆಗಲಿಗೆ ಫೀಡ್ ಪಂಪ್ ಇರುವ ಅಮ್ಮನಿಗೆ ಎರಡು ಬೀದಿ ಆಚೆ ಕಾರು ನಿಲ್ಲಿಸಿ ನಡೆದು ಬರುವುದು ದಿನದಿನದ ಅಪಾಯ. ಕಾರಿನ ಬಾಗಿಲು ತೆಗೆದ ಕೂಡಲೇ ರಸ್ತೆಗೆ ಓಡುವ, ಆಟಿಸಂ ಇರುವ ಮಗುವಿನ ಮನೆಯಲ್ಲೂ ಅದೇ ಕಥೆ.

ಇಂಥ ಮನೆಗಳಿಗೆ ಇಲ್ಲಿ ಒಂದು ವ್ಯವಸ್ಥೆ ಇದೆ: ಬ್ಲೂ ಬ್ಯಾಡ್ಜ್, ಮತ್ತು ಮನೆ ಮುಂದೆ ಡಿಸೇಬಲ್ಡ್ ಪಾರ್ಕಿಂಗ್ ಬೇ. ‘ಅದು ವಯಸ್ಸಾದವರಿಗೆ ತಾನೇ?’ ಎಂದುಕೊಂಡು ಎಷ್ಟೋ ಜನ ಕೇಳುವುದೇ ಇಲ್ಲ. ಇನ್ನು ಕೆಲವರು ವೀಸಾಕ್ಕೆ ತೊಂದರೆ ಆಗುತ್ತದೆಂದು ಹೆದರಿ ಸುಮ್ಮನಿರುತ್ತಾರೆ. ಮಗುವಿಗೆ ಒಂದೂವರೆ ವರ್ಷವಾದರೂ, ನೀವು ಇನ್ನೂ ವರ್ಕ್ ವೀಸಾದಲ್ಲೇ ಇದ್ದರೂ, ದಾರಿ ಪೂರ್ತಿ ಮುಚ್ಚಿಲ್ಲ. ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು ಮನಸ್ಸಲ್ಲಿಡಿ. ಪುಟ್ಟ ಮಗುವಿನ ಅರ್ಜಿ ಓದುವ ಅಧಿಕಾರಿಯ ತಲೆಯಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಎಲ್ಲ ಪುಟ್ಟ ಮಕ್ಕಳನ್ನೂ ಎತ್ತಿಕೊಳ್ಳಬೇಕು, ಎಲ್ಲರ ಕೈಯನ್ನೂ ಹಿಡಿದುಕೊಳ್ಳಬೇಕು. ಹಾಗಾದರೆ ಈ ಮಗುವಿಗೆ ಅದಕ್ಕಿಂತ ಜಾಸ್ತಿ ಏನು ಬೇಕು? ಅರ್ಜಿಯ ಪ್ರತಿ ಸಾಲೂ ಈ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಡದಿದ್ದರೆ, ಎಷ್ಟೇ ದೊಡ್ಡ ಕಾಯಿಲೆಯ ಹೆಸರು ಬರೆದರೂ ‘ಇಲ್ಲ’ ಎಂದು ಬರಬಹುದು.

ಹಂತ 1: ಬ್ಯಾಡ್ಜ್ ಬೇರೆ, ಬೇ ಬೇರೆ

ಬ್ಲೂ ಬ್ಯಾಡ್ಜ್ ಎನ್ನುವುದು ಅಂಗವಿಕಲರಿಗೆ ಪಾರ್ಕಿಂಗ್ ರಿಯಾಯಿತಿ ಕೊಡುವ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡುವ ಕಾರ್ಡು. ಅದು ಕಾರಿಗೆ ಸೇರಿದ್ದಲ್ಲ, ಮಗುವಿಗೆ ಸೇರಿದ್ದು. ಮಗು ಯಾರ ಕಾರಿನಲ್ಲಿ ಹೋದರೂ, ಟ್ಯಾಕ್ಸಿಯಲ್ಲಿ ಹೋದರೂ ಬಳಸಬಹುದು. ನಿಮಗೆ ಸ್ವಂತ ಕಾರು ಇಲ್ಲದಿದ್ದರೂ ಬ್ಯಾಡ್ಜ್ ಸಿಗುತ್ತದೆ.

ಡಿಸೇಬಲ್ಡ್ ಬೇ ಎಂದರೆ ನಿಮ್ಮ ಮನೆ ಮುಂದಿನ ರಸ್ತೆಯಲ್ಲಿ ಕೌನ್ಸಿಲ್ ಗೆರೆ ಹಾಕಿ ಕೊಡುವ ಜಾಗ. ಇದನ್ನು ಕೇಳಲು ಸಾಮಾನ್ಯವಾಗಿ ಮೊದಲು ಬ್ಯಾಡ್ಜ್ ಕೈಯಲ್ಲಿರಬೇಕು. ಬ್ಯಾಡ್ಜ್ ಬಂತೆಂದು ಬೇ ತಾನಾಗಿಯೇ ಬರುವುದೂ ಇಲ್ಲ. ಎರಡಕ್ಕೂ ಬೇರೆ ಅರ್ಜಿ, ಬೇರೆ ನಿಯಮ. ಬಹಳ ಕಡೆ ಎರಡನ್ನೂ ನೋಡುವ ವಿಭಾಗಗಳೂ ಬೇರೆ. ಬ್ಯಾಡ್ಜ್ ಕೊಡುವುದು ಕಾನೂನಿನ ಪ್ರಕಾರ ಕೌನ್ಸಿಲ್ ಮಾಡಲೇಬೇಕಾದ ಕೆಲಸ. ಮನೆ ಮುಂದೆ ಬೇ ಹಾಕುವುದು ಅದರ ವಿವೇಚನೆಗೆ ಬಿಟ್ಟದ್ದು. ಹಾಗಾಗಿಯೇ ಬೇ ನಿಯಮಗಳು ಊರಿಂದ ಊರಿಗೆ ಇಷ್ಟೊಂದು ಬದಲಾಗುತ್ತವೆ.

ಇಲ್ಲಿ ಹೇಳುವುದು ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಇದೇ ಥರದ ಯೋಜನೆ ಇದ್ದರೂ ವಿವರಗಳು ಸ್ವಲ್ಪ ಬೇರೆ. ಉದಾಹರಣೆಗೆ, ಸ್ಕಾಟ್ಲೆಂಡಿನಲ್ಲಿ ಮಕ್ಕಳಿಗೆ ಡಿಎಲ್‌ಎ (ಅಂಗವಿಕಲ ಮಕ್ಕಳಿಗೆ ಸರ್ಕಾರ ಕೊಡುವ ಭತ್ಯೆ) ಬದಲು ಚೈಲ್ಡ್ ಡಿಸೆಬಿಲಿಟಿ ಪೇಮೆಂಟ್ ಇದೆ.

ಹಂತ 2: ವೀಸಾ ವಿಷಯ ಮೊದಲೇ ತಿಳಿದುಕೊಳ್ಳಿ

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದವರಿಗೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂಬ ಷರತ್ತು ಇರುತ್ತದೆ. ಅಂದರೆ ಸರ್ಕಾರದ ಕೆಲವು ಧನಸಹಾಯಗಳನ್ನು ಪಡೆಯುವಂತಿಲ್ಲ. ಆ ಪಟ್ಟಿಯಲ್ಲಿ ಡಿಎಲ್‌ಎ, ಅಂದರೆ ಡಿಸೆಬಿಲಿಟಿ ಲಿವಿಂಗ್ ಅಲೊವೆನ್ಸ್ ಇದೆ. ಚೈಲ್ಡ್ ಬೆನಿಫಿಟ್, ಕೇರರ್ಸ್ ಅಲೊವೆನ್ಸ್ ಕೂಡ ಇವೆ. ಬ್ಲೂ ಬ್ಯಾಡ್ಜ್ ಆ ಪಟ್ಟಿಯಲ್ಲಿ ಇಲ್ಲ. ಅದು ಹಣವಲ್ಲ, ಪಾರ್ಕಿಂಗ್ ರಿಯಾಯಿತಿ. ರಸ್ತೆಯ ಮೇಲಿನ ಬೇ ಕೂಡ ಹಾಗೆಯೇ.

ಇದು ಯಾಕೆ ಮುಖ್ಯ ಅಂದರೆ, ಬ್ಯಾಡ್ಜ್ ಬಗ್ಗೆ ಯಾರನ್ನೇ ಕೇಳಿದರೂ ‘ಮೊದಲು ಡಿಎಲ್‌ಎ ಹಾಕಿ’ ಎನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಅದು ಒಳ್ಳೆಯ ಸಲಹೆ. ಷರತ್ತಿರುವ ವೀಸಾದವರು ಅದನ್ನು ಕೇಳಿ ಡಿಎಲ್‌ಎ ಹಾಕಿದರೆ ವೀಸಾ ನಿಯಮ ಮುರಿದಂತಾಗಬಹುದು. ದಯವಿಟ್ಟು ಅವಸರಪಡಬೇಡಿ. ಡಿಎಲ್‌ಎ ಮಗುವಿನ ಹಕ್ಕಿನ ಹಣ, ಹಾಗಾಗಿ ಅಲ್ಲಿ ಮಗುವಿನ ವಲಸೆ ಸ್ಥಿತಿಯೇ ಮುಖ್ಯವಾಗುತ್ತದೆ. ಮಗು ಬ್ರಿಟಿಷ್ ಪ್ರಜೆ, ನಿಮ್ಮದು ವರ್ಕ್ ವೀಸಾ ಎಂಬಂಥ ಮಿಶ್ರ ಸ್ಥಿತಿ ಇದ್ದರೆ ಸಿಟಿಜನ್ಸ್ ಅಡ್ವೈಸ್‌ನಲ್ಲೋ ನೋಂದಾಯಿತ ಇಮಿಗ್ರೇಷನ್ ಸಲಹೆಗಾರರ ಹತ್ತಿರವೋ ವಿಚಾರಿಸಿ ಮುಂದುವರಿಯಿರಿ. ಐಎಲ್‌ಆರ್ (ಇಲ್ಲೇ ಶಾಶ್ವತವಾಗಿ ಇರುವ ಅನುಮತಿ) ಅಥವಾ ಪೌರತ್ವ ಇರುವ ಮನೆಯವರು ಡಿಎಲ್‌ಎ ಖಂಡಿತ ಹಾಕಿ. ಅದಕ್ಕೆ ಆದಾಯದ ಮಿತಿ ಇಲ್ಲ. ಎಷ್ಟು ಸಂಬಳ ಬಂದರೂ ಸಿಗುತ್ತದೆ. 3 ವರ್ಷ ದಾಟಿದ ಮಗುವಾದರೆ ಕಳೆದ 12 ತಿಂಗಳುಗಳಲ್ಲಿ ಕನಿಷ್ಠ 6 ತಿಂಗಳು ಬ್ರಿಟನ್ನಿನಲ್ಲಿ ಇದ್ದಿರಬೇಕು ಎಂಬ ನಿಯಮ ಇದೆ, ನೋಡಿಕೊಳ್ಳಿ.

ಡಿಎಲ್‌ಎ ಇಲ್ಲದೆಯೂ ಬ್ಯಾಡ್ಜ್ ಸಿಗುತ್ತದೆ. ಕೌನ್ಸಿಲ್ ತಾನೇ ಪರಿಶೀಲಿಸಿ ಕೊಡುವ ಇನ್ನೊಂದು ದಾರಿ ಇದೆ. ಕೆಲಸ ಸ್ವಲ್ಪ ಜಾಸ್ತಿ, ಅಷ್ಟೇ.

ಹಂತ 3: ನಿಮ್ಮ ಮಗು ಯಾವ ದಾರಿಯಲ್ಲಿ ಅರ್ಹ?

3 ವರ್ಷದೊಳಗಿನ ಮಗುವಿಗೆ ನಿಯಮಗಳೇ ಬೇರೆ. ಅಲ್ಲಿ ನಡಿಗೆಯ ಮಾತೇ ಬರುವುದಿಲ್ಲ. ಎರಡರಲ್ಲಿ ಒಂದು ಇದ್ದರೆ ಸಾಕು.

ಮೊದಲನೆಯದು, ಸುಲಭವಾಗಿ ಹೊತ್ತು ತಿರುಗಲಾಗದ ದೊಡ್ಡ ವೈದ್ಯಕೀಯ ಸಲಕರಣೆ ಮಗುವಿನ ಜೊತೆ ಯಾವಾಗಲೂ ಇರಬೇಕಾಗಿರುವುದು. ವೆಂಟಿಲೇಟರ್, ಸಕ್ಷನ್ ಮಷಿನ್ (ಗಂಟಲಿನ ಕಫ ಎಳೆದು ತೆಗೆಯುವ ಯಂತ್ರ), ಫೀಡ್ ಪಂಪ್, ಸಿರಿಂಜ್ ಡ್ರೈವರ್, ಆಕ್ಸಿಜನ್ ಕೊಡುವ ಸಲಕರಣೆ, ಆಕ್ಸಿಜನ್ ಮಟ್ಟವನ್ನು ಸದಾ ನೋಡುವ ಮಾನಿಟರ್ ಇವೆಲ್ಲ ಇದರಲ್ಲಿ ಸೇರುತ್ತವೆ. ಸೊಂಟದ ಕೀಲು ಸರಿಪಡಿಸಲು ಹಾಕುವ ದೊಡ್ಡ ಪ್ಲಾಸ್ಟರ್ ಕೂಡ ಸೇರುತ್ತದೆ. ಹಿಪ್ ಡಿಸ್‌ಪ್ಲೇಸಿಯಾ ಇರುವ ಕೂಸುಗಳ ಅಪ್ಪ ಅಮ್ಮ ಇದನ್ನು ಗಮನಿಸಬೇಕು. ‘ಕೆಲವು ತಿಂಗಳ ಪ್ಲಾಸ್ಟರ್‌ಗೆ ಯಾರು ಬ್ಯಾಡ್ಜ್ ಕೊಡುತ್ತಾರೆ’ ಎಂದು ಅವರು ಬಿಟ್ಟುಬಿಡುವ ಸಾಧ್ಯತೆ ಜಾಸ್ತಿ.

ಎರಡನೆಯದು, ಮಗು ಯಾವಾಗಲೂ ವಾಹನದ ಹತ್ತಿರವೇ ಇರಬೇಕಾದ ಸ್ಥಿತಿ. ತಕ್ಷಣ ಕಾರಿನಲ್ಲೇ ಚಿಕಿತ್ಸೆ ಕೊಡಬೇಕಾಗಬಹುದು, ಇಲ್ಲವೇ ಆಸ್ಪತ್ರೆಗೆ ಓಡಬೇಕಾಗಬಹುದು. ಟ್ರಾಕಿಯೋಸ್ಟಮಿ (ಉಸಿರಾಡಲು ಕತ್ತಿನಲ್ಲಿ ಮಾಡಿದ ರಂಧ್ರ), ತೀವ್ರ ಫಿಟ್ಸ್, ಹಿಡಿತಕ್ಕೆ ಬಾರದ ಡಯಾಬಿಟಿಸ್ ಇಂಥವು.

3 ವರ್ಷ ತುಂಬಿದ ಮೇಲೆ ದೊಡ್ಡವರ ನಿಯಮಗಳೇ ಮಕ್ಕಳಿಗೂ. ಡಿಎಲ್‌ಎಯ ಮೊಬಿಲಿಟಿ ಭಾಗ (ಓಡಾಟದ ಕಷ್ಟಕ್ಕೆ ಕೊಡುವ ಹಣ) ಹೆಚ್ಚಿನ ದರದಲ್ಲಿ ಬರುತ್ತಿದ್ದರೆ, ಅರ್ಜಿ ಹಾಕಿದರೆ ಸಾಕು, ಬೇರೆ ಪರಿಶೀಲನೆ ಇಲ್ಲದೆ ಬ್ಯಾಡ್ಜ್ ಸಿಗುತ್ತದೆ. ದೃಷ್ಟಿ ತೀರಾ ಕಡಿಮೆ ಎಂದು ನೋಂದಣಿ ಆಗಿದ್ದರೂ ಹಾಗೆಯೇ. ಉಳಿದವರಿಗೆ ಪರಿಶೀಲನೆಯ ದಾರಿ. ಕನಿಷ್ಠ 3 ವರ್ಷವಾದರೂ ಇರುವಂಥ ಗಂಭೀರ ತೊಂದರೆ ಇರಬೇಕು. ಅದರಿಂದ ಮಗುವಿಗೆ ನಡೆಯಲು ಆಗುತ್ತಿಲ್ಲ, ಅಥವಾ ನಡೆಯುವುದು ಬಹಳ ಕಷ್ಟ ಎಂದು ತೋರಿಸಬೇಕು. 2019ರ ಆಗಸ್ಟ್ 30ರಿಂದ ಕಣ್ಣಿಗೆ ಕಾಣದ ತೊಂದರೆಗಳೂ ಸ್ಪಷ್ಟವಾಗಿ ಇದರೊಳಗೆ ಬಂದಿವೆ. ನಡೆಯುವಾಗ ವಿಪರೀತ ಮಾನಸಿಕ ಸಂಕಟ ಆಗುತ್ತಿದ್ದರೆ, ಅಥವಾ ಮಗುವಿಗೋ ಬೇರೆಯವರಿಗೋ ಗಂಭೀರ ಅಪಾಯ ಇದ್ದರೆ ಅದೂ ಅರ್ಹತೆಯೇ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಬ್ಯಾಡ್ಜ್ ಸಿಕ್ಕಿದ್ದು ಈ ಬದಲಾವಣೆಯಿಂದ. ಆದರೆ ಆಟಿಸಂ ಎಂಬ ರಿಪೋರ್ಟ್ ಒಂದೇ ಸಾಲದು. ಪ್ರಯಾಣದಲ್ಲಿ ಏನಾಗುತ್ತದೆ ಎಂಬುದನ್ನೇ ಅವರು ನೋಡುವುದು.

ಹಂತ 4: ಅರ್ಜಿಯಲ್ಲಿ ಬರೆಯುವುದು ಹೇಗೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಯಾಕೆಂದರೆ ನಮ್ಮವರು ಸೋಲುವುದು ಇಲ್ಲೇ.

ಮಗುವಿನ ಕಷ್ಟವನ್ನು ಹೊರಗಿನವರ ಮುಂದೆ ಕಡಿಮೆ ಮಾಡಿ ಹೇಳುವುದು ನಮ್ಮ ಅಭ್ಯಾಸ. ‘ಸ್ವಲ್ಪ ತೊಂದರೆ ಇದೆ, ಹೇಗೋ ನಿಭಾಯಿಸ್ತೀವಿ’ ಎನ್ನುತ್ತೇವೆ. ಮನೆಯಲ್ಲಿ ಅಜ್ಜಿ ಇದ್ದರೆ ‘ನಾಲ್ಕು ಜನಕ್ಕೆ ಯಾಕೆ ಹೇಳ್ಬೇಕು, ದೊಡ್ಡವನಾದ್ರೆ ಸರಿ ಹೋಗ್ತಾನೆ’ ಎಂದುಬಿಡುತ್ತಾರೆ. ಆ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಫಾರಂ ಮೇಲೆ ‘ನಿಭಾಯಿಸುತ್ತೇವೆ’ ಎಂದು ಬರೆದರೆ ಅಧಿಕಾರಿ ಅದನ್ನೇ ನಂಬುತ್ತಾರೆ. ಮಗುವಿನ ಬಗ್ಗೆ ಉಳಿದ ಕಡೆ ಎಷ್ಟು ಹೆಮ್ಮೆಯಿಂದ ಬೇಕಾದರೂ ಮಾತಾಡಿ. ಫಾರಂನಲ್ಲಿ ಮಾತ್ರ ಕಷ್ಟ ಇದ್ದದ್ದು ಇದ್ದ ಹಾಗೆ ಬರಲಿ.

‘ನಡೆಯಲು ಕಷ್ಟ’ ಎಂಬ ಎರಡು ಪದದಿಂದ ಓದುವವರಿಗೆ ಏನೂ ಕಾಣುವುದಿಲ್ಲ. ಹೀಗೆ ಬರೆದರೆ ಕಾಣುತ್ತದೆ: ‘ಮಗನಿಗೆ 4 ವರ್ಷ. ವಾಕರ್ ಹಿಡಿದು ಸುಮಾರು 20 ಮೀಟರ್ ನಡೆಯುತ್ತಾನೆ. ಅಷ್ಟಕ್ಕೇ ಕಾಲಿನ ಸ್ನಾಯು ಬಿಗಿಯಾಗಿ ಕುಳಿತುಬಿಡುತ್ತಾನೆ. ಮತ್ತೆ ಎದ್ದು ನಿಲ್ಲಲು ಹತ್ತು ನಿಮಿಷ ಬೇಕು. ಈಗ 17 ಕಿಲೋ ಇದ್ದಾನೆ. ವಾಕರ್ ಮತ್ತು ಮಗು ಎರಡನ್ನೂ ಒಬ್ಬರೇ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಇದೇ ವಯಸ್ಸಿನ ಮಕ್ಕಳು ನರ್ಸರಿಯಿಂದ ಮನೆಗೆ ಆರಾಮವಾಗಿ ನಡೆದೇ ಹೋಗುತ್ತಾರೆ.’ ಇಲ್ಲಿ ದೂರ ಇದೆ, ಸಮಯ ಇದೆ, ತೂಕ ಇದೆ. ಬೇರೆ ಮಕ್ಕಳಿಗೂ ಈ ಮಗುವಿಗೂ ಇರುವ ವ್ಯತ್ಯಾಸವೂ ಇದೆ. ಅಳತೆಗಳು ನಿಮ್ಮ ಮಗುವಿನದೇ ಆಗಿರಲಿ, ಅಳೆದು ನೋಡಿ ಬರೆಯಿರಿ.

ಆಟಿಸಂ ಇರುವ ಮಗುವಾದರೆ ‘ತುಂಬಾ ಹಠ’, ‘ಹೇಳಿದ ಮಾತು ಕೇಳೋದಿಲ್ಲ’ ಎಂದು ಬರೆಯಬೇಡಿ. ಅದು ಯಾವ ಮಗುವಿಗೂ ಹೊಂದುವ ಮಾತು. ಇದನ್ನು ನೋಡಿ: ‘ಮಗಳಿಗೆ 5 ವರ್ಷ. ಕಾರಿನಿಂದ ಇಳಿದ ಕೂಡಲೇ ರಸ್ತೆಗೆ ಓಡುತ್ತಾಳೆ. ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ. ವಾಹನ ಬಂದರೆ ಹೆದರುವುದಿಲ್ಲ. ಮೋಟರ್ ಬೈಕ್ ಸದ್ದು ಕೇಳಿದರೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಾಳೆ, ಆಗ ಇಬ್ಬರು ಹಿಡಿಯಬೇಕು. ಕೈ ಹಿಡಿದರೆ ಕಚ್ಚಿ ಬಿಡಿಸಿಕೊಳ್ಳುತ್ತಾಳೆ. ಹಾರ್ನೆಸ್ ಹಾಕಿ ನೋಡಿದೆವು, ಹೀಗೀಗಾಯಿತು.’ ಏನೇನು ಉಪಾಯ ಮಾಡಿದ್ದೀರಿ, ಅದು ಯಾಕೆ ಸಾಲದಾಯಿತು ಎಂಬುದನ್ನು ಮರೆಯದೆ ಸೇರಿಸಿ. ಹಾರ್ನೆಸ್, ದೊಡ್ಡ ಬಗ್ಗಿ, ಕಿವಿಗೆ ಹಾಕುವ ಇಯರ್ ಡಿಫೆಂಡರ್ ಬಳಸಬಹುದಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ.

ಕಾರು ದೂರ ನಿಂತರೆ ಏನಾಗುತ್ತದೆ, ಹತ್ತಿರ ನಿಂತರೆ ಏನು ಬದಲಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿ. ಮಗು ಮನೆಯೊಳಗೂ ಒಂದೇ ಸಮ ಕಿರುಚುತ್ತದೆ ಎಂಬುದು ಕಷ್ಟವೇ ಹೌದು. ಆದರೆ ಅದಕ್ಕೂ ಪಾರ್ಕಿಂಗಿಗೂ ಇರುವ ಸಂಬಂಧ ನೀವೇ ತೋರಿಸಬೇಕು. ಎರಡು ವಾರ ಪ್ರತಿ ಪ್ರಯಾಣದ ಬಗ್ಗೆ ಫೋನಿನಲ್ಲಿ ನಾಲ್ಕು ಸಾಲು ಬರೆದಿಡಿ. ದಿನಾಂಕ, ಎಲ್ಲಿ ನಿಲ್ಲಿಸಿದಿರಿ, ಎಷ್ಟು ದೂರ, ಏನಾಯಿತು. ಅದನ್ನು ಅರ್ಜಿಯ ಜೊತೆ ಲಗತ್ತಿಸಿದರೆ ಅದರ ತೂಕವೇ ಬೇರೆ.

ಹಂತ 5: ದಾಖಲೆ ಮತ್ತು ತಜ್ಞರ ಪತ್ರ

ಮಗುವಿನ ಗುರುತು, ಮಗುವಿನ ಫೋಟೋ, ವಿಳಾಸದ ಪುರಾವೆ ಬೇಕು. ಪಾಸ್‌ಪೋರ್ಟ್ ಅಥವಾ ಜನನ ಪ್ರಮಾಣಪತ್ರ, ಕೌನ್ಸಿಲ್ ಟ್ಯಾಕ್ಸ್ ಬಿಲ್ ಸಾಮಾನ್ಯವಾಗಿ ನಡೆಯುತ್ತವೆ. ಡಿಎಲ್‌ಎ ಬರುತ್ತಿದ್ದರೆ ಅದರ ನಿರ್ಧಾರ ಪತ್ರದ ಎಲ್ಲ ಪುಟಗಳನ್ನೂ ಕೊಡಿ.

ಪರಿಶೀಲನೆಯ ದಾರಿಯಲ್ಲಿ ಹೋಗುವವರಿಗೆ ತಜ್ಞರ ಪತ್ರವೇ ಬೆನ್ನೆಲುಬು. ವರ್ಷಕ್ಕೊಮ್ಮೆ ನೋಡುವ ಜಿಪಿಗಿಂತ ಮಗುವನ್ನು ನಿಜವಾಗಿ ಬಲ್ಲವರ ಪತ್ರ ಒಳ್ಳೆಯದು. ಮಕ್ಕಳ ತಜ್ಞರು, ಕಮ್ಯುನಿಟಿ ನರ್ಸ್, ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್, ಹೆಲ್ತ್ ವಿಸಿಟರ್, ನರ್ಸರಿಯ ವಿಶೇಷ ಅಗತ್ಯಗಳ ಸಂಯೋಜಕರು, ಇವರಲ್ಲಿ ಯಾರಾದರೂ ಆಗಬಹುದು. 3 ವರ್ಷದೊಳಗಿನ ಮಗುವಿಗೆ ಮಕ್ಕಳ ತಜ್ಞರ ಪತ್ರವನ್ನೇ ತರಲು ನೋಡಿ. ‘ಒಂದು ಪತ್ರ ಕೊಡಿ’ ಎಂದಷ್ಟೇ ಕೇಳಿದರೆ ರೋಗದ ಹೆಸರು ಬರೆದು ಕೊಡುತ್ತಾರೆ. ಯಾವ ಸಲಕರಣೆ ಸದಾ ಜೊತೆಗಿರಬೇಕು, ಎಷ್ಟು ದೂರ ನಡೆಯಬಲ್ಲ, ಯಾವ ಅಪಾಯ ಇದೆ, ಎಷ್ಟು ವರ್ಷ ಇರುವಂಥದ್ದು ಎಂಬ ನಾಲ್ಕು ಪ್ರಶ್ನೆಗಳನ್ನು ನೀವೇ ಬರೆದು ಕಳಿಸಿ. ಬಿಡುವಿಲ್ಲದ ಡಾಕ್ಟರಿಗೂ ಅದು ಅನುಕೂಲ. ನರ್ಸರಿಯಲ್ಲಿ ಮಗುವಿಗೆ ಪ್ರತ್ಯೇಕವಾಗಿ ಒಬ್ಬರನ್ನು ಇಟ್ಟಿದ್ದರೆ, ರಿಸ್ಕ್ ಅಸೆಸ್‌ಮೆಂಟ್ ಮಾಡಿದ್ದರೆ, ಇಎಚ್‌ಸಿಪಿ (ವಿಶೇಷ ಅಗತ್ಯದ ಮಕ್ಕಳಿಗೆ ಕೌನ್ಸಿಲ್ ಮಾಡುವ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆ) ಆಗಿದ್ದರೆ ಪ್ರತಿ ಹಾಕಿ. ಬೇರೆ ಮಕ್ಕಳಿಗೆ ಬೇಡದ್ದು ಈ ಮಗುವಿಗೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸಿದ ರಿಪೋರ್ಟ್‌ಗಳಿದ್ದರೆ ಅವನ್ನೂ ಸೇರಿಸಿ. ತೊಂದರೆ ಹೊಸದಲ್ಲ ಎಂದು ತೋರಿಸಲು ಸಹಾಯವಾಗುತ್ತವೆ. ಭಾರತದ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೂ ಅದರಿಂದ ನೇರವಾಗಿ ಬ್ಯಾಡ್ಜ್ ಸಿಗುವುದಿಲ್ಲ. ಇಲ್ಲಿನ ತಜ್ಞರೊಬ್ಬರ ಈಚಿನ ಪತ್ರ ಇರಲೇಬೇಕು ಎಂದುಕೊಳ್ಳಿ.

ಹಂತ 6: ಅರ್ಜಿ, ಕಾಯುವುದು, ‘ಇಲ್ಲ’ ಎಂದರೆ

ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲೇ ಅರ್ಜಿ ಹಾಕಿ. ಅದು ನಿಮ್ಮ ಕೌನ್ಸಿಲ್‌ಗೆ ತಲುಪುತ್ತದೆ. ಹುಡುಕಿದರೆ ಖಾಸಗಿ ತಾಣಗಳೂ ಎದುರಾಗುತ್ತವೆ, ಸುಮ್ನೆ ದುಡ್ಡು ಕೀಳುತ್ತವೆ. ಇಂಗ್ಲೆಂಡಿನಲ್ಲಿ ಬ್ಯಾಡ್ಜ್ ಶುಲ್ಕ 10 ಪೌಂಡ್ ಮೀರುವಂತಿಲ್ಲ. ವೇಲ್ಸಿನಲ್ಲಿ ಪೂರ್ತಿ ಉಚಿತ. ಪರಿಶೀಲನೆಯ ದಾರಿಯಲ್ಲಿ 12 ವಾರದವರೆಗೂ ಹಿಡಿಯಬಹುದು. ನಡುವೆ ಫಿಸಿಯೋ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಮಗುವನ್ನು ನೋಡಬೇಕು ಎಂದು ಕರೆಯಬಹುದು. ಹೋಗುವಾಗ ಮಗು ದಿನವೂ ಬಳಸುವ ಸಲಕರಣೆಯನ್ನೆಲ್ಲ ತೆಗೆದುಕೊಂಡು ಹೋಗಿ.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಆ ಕಾರಣ ಓದದೆ ಹೊಸ ಅರ್ಜಿ ಹಾಕಬೇಡಿ. ಟ್ರಿಬ್ಯುನಲ್‌ಗೆ ಹೋಗುವಂಥ ಅಪೀಲು ಬ್ಯಾಡ್ಜ್‌ಗೆ ಇಲ್ಲ. ಕೌನ್ಸಿಲ್ಲನ್ನೇ ಮರುಪರಿಶೀಲಿಸಲು ಕೇಳಬೇಕು. ಪ್ರಕ್ರಿಯೆಯಲ್ಲೇ ತಪ್ಪಾಗಿದೆ ಅನಿಸಿದರೆ ದೂರು ಕೊಟ್ಟು, ಆಮೇಲೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಆಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಡಿಎಲ್‌ಎ ನಿರ್ಧಾರದ ಲೆಕ್ಕ ಬೇರೆ. ಅಲ್ಲಿ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು, ಆಮೇಲೆ ಟ್ರಿಬ್ಯುನಲ್ ಇದೆ. ಕಾಂಟ್ಯಾಕ್ಟ್ ಎಂಬ ಸೇವಾಸಂಸ್ಥೆ ಅಂಗವಿಕಲ ಮಕ್ಕಳ ಕುಟುಂಬಗಳಿಗೆಂದೇ ಇದೆ. ಫೋನ್ ಮಾಡಿ ಕೇಳಲು ಸಂಕೋಚ ಬೇಡ.

ಹಂತ 7: ಈಗ ಬೇ. ಮೊದಲು ರಸ್ತೆ ಯಾರದ್ದು ನೋಡಿ

ಬ್ಯಾಡ್ಜ್ ಬಂತು ಎಂದುಕೊಳ್ಳೋಣ. ನಿಮ್ಮ ಬೀದಿ ಕೌನ್ಸಿಲ್ ನೋಡಿಕೊಳ್ಳುವ ಸಾರ್ವಜನಿಕ ರಸ್ತೆಯೇ ಎಂದು ಈಗ ತಿಳಿಯಬೇಕು. ಹೊಸ ಬಡಾವಣೆಗಳಲ್ಲಿ ರಸ್ತೆ ಇನ್ನೂ ಬಿಲ್ಡರ್ ಕೈಯಲ್ಲೇ ಇರಬಹುದು. ಹಾಗಿದ್ದರೆ ಕೌನ್ಸಿಲ್ ಅಲ್ಲಿ ಗೆರೆ ಹಾಕುವುದಿಲ್ಲ. ಕೌಂಟಿ ಕೌನ್ಸಿಲ್, ಡಿಸ್ಟ್ರಿಕ್ಟ್ ಕೌನ್ಸಿಲ್ ಎರಡೂ ಇರುವ ಕಡೆ ರಸ್ತೆ ಕೌಂಟಿಯ ಪಾಲು. ತಪ್ಪು ಕಚೇರಿಗೆ ಅರ್ಜಿ ಹೋದರೆ ವಾರಗಟ್ಟಲೆ ಸುಮ್ನೆ ಹೋಗುತ್ತದೆ.

ಬೇ ಎರಡು ಥರ. ಒಂದು ಸಲಹಾ ಬೇ, ಇಲ್ಲಿ ಅಡ್ವೈಸರಿ ಎನ್ನುತ್ತಾರೆ. ರಸ್ತೆ ಮೇಲೆ ಗೆರೆ ಇರುತ್ತದೆ, ಕಾನೂನಿನ ಬಲ ಇರುವುದಿಲ್ಲ. ಯಾರಾದರೂ ನಿಲ್ಲಿಸಿದರೆ ದಂಡ ಹಾಕಲು ಬರುವುದಿಲ್ಲ. ಇನ್ನೊಂದು ಕಡ್ಡಾಯ ಬೇ. ಇದಕ್ಕೆ ಟ್ರಾಫಿಕ್ ರೆಗ್ಯುಲೇಷನ್ ಆರ್ಡರ್, ಅಂದರೆ ಟಿಆರ್‌ಒ ಬೇಕು. ಬ್ಯಾಡ್ಜ್ ಇಲ್ಲದವರು ನಿಲ್ಲಿಸಿದರೆ ದಂಡ ಬೀಳುತ್ತದೆ. ಕಡ್ಡಾಯ ಬೇ ಆಗಲು ತಿಂಗಳುಗಳೇ ಬೇಕು. ಖರ್ಚು ಉಳಿಸಲು ಕೆಲವು ಕೌನ್ಸಿಲ್‌ಗಳು ಹಲವು ಬೀದಿಗಳ ಆರ್ಡರ್‌ಗಳನ್ನು ಒಟ್ಟಿಗೆ ಮಾಡುತ್ತವೆ. ಬೇಗ ಆಗುವುದು ಸಲಹಾ ಬೇ ಎಂದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಬಹಳ ಬೀದಿಗಳಲ್ಲಿ ಗೆರೆ ಕಂಡರೆ ಜನ ಬಿಡುತ್ತಾರೆ. ಬಿಡದಿದ್ದರೆ ಫೋಟೋ, ದಿನಾಂಕ ಇಟ್ಟುಕೊಂಡು ಕಡ್ಡಾಯ ಮಾಡಿ ಎಂದು ಆಮೇಲೆ ಕೇಳಬಹುದು.

ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ಬೇ ನಿಮ್ಮ ಮನೆ ಮುಂದೆ ಇದ್ದರೂ ನಿಮ್ಮದಲ್ಲ. ಬ್ಲೂ ಬ್ಯಾಡ್ಜ್ ಇರುವ ಯಾರು ಬೇಕಾದರೂ ನಿಲ್ಲಿಸಬಹುದು. ಲಂಡನ್ನಿನ ಕೆಲವು ಬರೋಗಳಂಥ ಕೆಲವೇ ಕಡೆ ಒಬ್ಬರ ಪರ್ಮಿಟ್‌ಗೆ ಮೀಸಲಾದ ಬೇ ಇರುತ್ತದೆ. ನಿಮ್ಮದು ಲಂಡನ್ ಆದರೆ ಅದನ್ನೂ ವಿಚಾರಿಸಿ.

ಹಂತ 8: ಬೇ ಅರ್ಜಿಯಲ್ಲಿ ಎದುರಾಗುವ ತಡೆಗಳು

ಸಾಮಾನ್ಯ ಷರತ್ತುಗಳು ಇವು: ಮಗುವಿಗೆ ಬ್ಯಾಡ್ಜ್ ಇರಬೇಕು, ಕಾರು ಅದೇ ವಿಳಾಸದಲ್ಲಿ ನೋಂದಣಿ ಆಗಿರಬೇಕು, ಮನೆಗೆ ಸ್ವಂತ ಡ್ರೈವ್‌ವೇ ಅಥವಾ ಗ್ಯಾರೇಜ್ ಇರಬಾರದು, ಬೀದಿಯಲ್ಲಿ ನಿಜವಾಗಿಯೂ ಜಾಗದ ಕೊರತೆ ಇರಬೇಕು. ಕಾರಿನ ವಿ5ಸಿ ಲಾಗ್‌ಬುಕ್‌ನಲ್ಲಿ (ನೋಂದಣಿ ಪತ್ರ) ಹಳೆಯ ವಿಳಾಸ ಇದ್ದರೆ ಅರ್ಜಿಗೆ ಮೊದಲೇ ಬದಲಿಸಿ. ಕಂಪನಿ ಕಾರಾದರೆ ಕಂಪನಿಯಿಂದ ಒಂದು ಪತ್ರ ತನ್ನಿ.

ಪುಟ್ಟ ಮಕ್ಕಳಿಗೆ ಅಡ್ಡ ಬರುವ ತಡೆಗಳು ಮೂರು.

‘ಡ್ರೈವರ್ ಅಂಗವಿಕಲರಲ್ಲವಲ್ಲ, ಮಗುವನ್ನು ಬಾಗಿಲಲ್ಲಿ ಇಳಿಸಿ ಆಮೇಲೆ ಪಾರ್ಕ್ ಮಾಡಬಹುದಲ್ಲ’ ಎನ್ನುತ್ತಾರೆ. ವಯಸ್ಸಾದವರ ವಿಷಯದಲ್ಲಿ ಈ ಮಾತು ಕೆಲವೊಮ್ಮೆ ಸರಿ ಇರಬಹುದು. ಮಗುವಿನ ವಿಷಯದಲ್ಲಿ ನಡೆಯುವುದಿಲ್ಲ. ಸಕ್ಷನ್ ಬೇಕಾದ ಕೂಸನ್ನು, ಫಿಟ್ಸ್ ಬರುವ ಮಗುವನ್ನು ಮನೆಯೊಳಗೆ ಒಂಟಿಯಾಗಿ ಬಿಟ್ಟು ಕಾರು ನಿಲ್ಲಿಸಲು ಹೋಗಲಾಗದು. ಹಗಲಲ್ಲಿ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರುತ್ತಾರೋ ಇಲ್ಲವೋ ಸ್ಪಷ್ಟವಾಗಿ ಬರೆಯಿರಿ. ಊರಿಂದ ಅಜ್ಜಿ ತಾತ ಬಂದಿದ್ದರೆ ಅದು ವಿಸಿಟರ್ ವೀಸಾದ ಕೆಲವು ತಿಂಗಳು ಮಾತ್ರ ಎಂದೂ ತಿಳಿಸಿ.

ಎರಡನೆಯ ತಡೆ: ‘ಡಿಎಲ್‌ಎ ಮೊಬಿಲಿಟಿ ಹೆಚ್ಚಿನ ದರದಲ್ಲಿ ಇರಬೇಕು’ ಎಂಬ ಷರತ್ತು. ಬಹಳ ಕೌನ್ಸಿಲ್‌ಗಳಲ್ಲಿ ಇದು ಇದೆ. ಆದರೆ ಈ ದರ ಸಿಗುವುದೇ 3 ವರ್ಷದಿಂದ. ಒಂದೂವರೆ ವರ್ಷದ ಮಗುವಿಗೆ ಎಷ್ಟೇ ತೊಂದರೆ ಇದ್ದರೂ ಅದು ಬರಲು ಸಾಧ್ಯವಿಲ್ಲ. ಮಗುವಿಗೇ ವೀಸಾ ಷರತ್ತಿದ್ದರೆ ಆಗಲೂ ಸಾಧ್ಯವಿಲ್ಲ. ಹಾಗಾಗಿ ‘ಈ ದಾಖಲೆ ನಮ್ಮಲ್ಲಿ ಇಲ್ಲದಿರುವುದು ಮಗುವಿನ ತೊಂದರೆ ಕಡಿಮೆ ಎಂದಲ್ಲ, ಕಾನೂನಿನ ಪ್ರಕಾರ ನಾವು ಅದನ್ನು ಕೇಳುವಂತಿಲ್ಲ. ದಯವಿಟ್ಟು ವೈದ್ಯಕೀಯ ಸಾಕ್ಷಿ ನೋಡಿ ವಿಶೇಷ ಪ್ರಕರಣವಾಗಿ ತೀರ್ಮಾನಿಸಿ’ ಎಂದು ಅರ್ಜಿಯಲ್ಲೇ ಬರೆಯಿರಿ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಂಗವಿಕಲರಿಗೆ ಆಗುವ ಪರಿಣಾಮವನ್ನು ಕೌನ್ಸಿಲ್ ಗಮನಿಸಬೇಕು. ಅದರ 149ನೇ ಸೆಕ್ಷನ್ ಅನ್ನು ಮರ್ಯಾದೆಯಿಂದಲೇ ನೆನಪಿಸಿ. ಉತ್ತರ ಸರಿ ಇಲ್ಲದಿದ್ದರೆ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಇಮೇಲ್ ಮಾಡಿ. ವೋಟು ಇದ್ದವರು ಮಾತ್ರ ಬರೆಯಬೇಕು ಎಂದೇನಿಲ್ಲ. ಅಂದ ಹಾಗೆ, ಬ್ರಿಟನ್ನಿನಲ್ಲಿ ವಾಸಿಸುವ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ವೋಟಿಗೆ ಹೆಸರು ನೋಂದಾಯಿಸಬಹುದು.

ಮೂರನೆಯದು, ಡ್ರೈವ್‌ವೇ ಇದೆ, ಆದರೆ ಬಳಸಲು ಬರುವುದಿಲ್ಲ. ಇಕ್ಕಟ್ಟಾಗಿದ್ದರೆ ಕಾರಿನ ಬಾಗಿಲು ಪೂರ್ತಿ ತೆಗೆಯಲಾಗದು, ವಿಶೇಷ ಕಾರ್ ಸೀಟಿನಿಂದ ಮಗುವನ್ನು ಎತ್ತಲಾಗದು, ಹಿಂದಿನ ರಾಂಪ್ ಇಳಿಸಲಾಗದು. ಟೇಪ್ ಹಿಡಿದು ಅಳೆಯಿರಿ. ಬಾಗಿಲು ತೆಗೆದಿಟ್ಟು ಫೋಟೋ ತೆಗೆಯಿರಿ. ಆಕ್ಯುಪೇಷನಲ್ ಥೆರಪಿಸ್ಟ್ ಒಂದು ಸಾಲು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಹಂತ 9: ಅಧಿಕಾರಿ ಬಂದಾಗ, ನೆರೆಯವರ ಜೊತೆ

ರಸ್ತೆ ವಿಭಾಗದವರು ಬಂದು ಅಳತೆ ಮಾಡುತ್ತಾರೆ. ರಸ್ತೆ ಅಂಚಿನ ಬೇ ಸಾಮಾನ್ಯವಾಗಿ ಕನಿಷ್ಠ 6.6 ಮೀಟರ್ ಉದ್ದ, 2.7 ಮೀಟರ್ ಅಗಲ. ಮಾಮೂಲಿ ಕಾರಿನ ಜಾಗಕ್ಕಿಂತ ದೊಡ್ಡದು. ತಿರುವಿನ ಹತ್ತಿರ, ಬಸ್ ಸ್ಟಾಪಿನಲ್ಲಿ, ಪಕ್ಕದ ಮನೆಯವರ ಡ್ರೈವ್‌ವೇ ಎದುರು ಹಾಕುವುದಿಲ್ಲ. ಸರಿಯಾಗಿ ಬಾಗಿಲ ಮುಂದೆ ಆಗದಿದ್ದರೆ ಎರಡು ಮನೆ ಆಚೆ ಆದರೂ ಒಪ್ಪಿಕೊಳ್ಳಿ. ಮಗುವಿನ ಸೀಟು ಯಾವ ಬದಿಗಿದೆ, ರಾಂಪ್ ಹಿಂದೆಯೋ ಪಕ್ಕಕ್ಕೋ ಎಂಬುದನ್ನು ಅವರಿಗೆ ತೋರಿಸಿ. ವೀಲ್‌ಚೇರ್ ಇದ್ದರೆ ಅಲ್ಲೇ ಫುಟ್‌ಪಾತ್ ಅಂಚನ್ನು ತಗ್ಗಿಸಿ ಕೊಡಿ ಎಂದೂ ಈಗಲೇ ಕೇಳಿ.

ಟಿಆರ್‌ಒ ಆದರೆ ನೋಟಿಸ್ ಹಾಕಿ 21 ದಿನ ಆಕ್ಷೇಪಣೆಗೆ ಸಮಯ ಕೊಡುತ್ತಾರೆ. ನೋಟಿಸಿನಲ್ಲಿ ಜಾಗದ ವಿವರ ಇರುತ್ತದೆ, ಮಗುವಿನ ಕಾಯಿಲೆ ಇರುವುದಿಲ್ಲ. ನೋಟಿಸ್ ಬರುವ ಮೊದಲೇ ಅಕ್ಕಪಕ್ಕದವರಿಗೆ ನೀವೇ ಹೇಳಿಬಿಡುವುದು ಒಳ್ಳೆಯದು. ಇಕ್ಕಟ್ಟಿನ ಬೀದಿಯಲ್ಲಿ ಒಂದು ಜಾಗ ಕಡಿಮೆಯಾಗುವುದು ಅವರಿಗೂ ಕಷ್ಟವೇ ಅಲ್ವಾ? ಕಂಬಕ್ಕೆ ಕಟ್ಟಿದ ಕಾಗದದಿಂದ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದ ತಿಳಿದರೆ ಮನಸ್ಸು ಮೆತ್ತಗಾಗುತ್ತದೆ. ‘ಮಗುವಿನ ಆರೋಗ್ಯದ ಕಾರಣಕ್ಕೆ ಕಾರು ಹತ್ತಿರ ಬೇಕು’ ಎಂದರೆ ಸಾಕು. ಅದಕ್ಕಿಂತ ಜಾಸ್ತಿ ಹೇಳಲೇಬೇಕೆಂದಿಲ್ಲ.

ಬೇ ಬರುವ ತನಕ ರಸ್ತೆಯಲ್ಲಿ ಕೋನ್, ಕಸದ ಬಿನ್ ಇಟ್ಟು ಜಾಗ ಹಿಡಿಯಬೇಡಿ. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡುವುದು ತಪ್ಪು. ನಾಳೆ ನಿಮ್ಮ ಅರ್ಜಿಗೆ ಆಕ್ಷೇಪಣೆ ಬರೆಯುವವರಿಗೆ ನೀವೇ ಕಾರಣ ಕೊಟ್ಟಂತೆಯೂ ಆಗುತ್ತದೆ.

ಫ್ಲ್ಯಾಟ್, ಬಾಡಿಗೆ ಮನೆ, ಖಾಸಗಿ ರಸ್ತೆ

ಇಲ್ಲಿ ಕೌನ್ಸಿಲ್ ಬದಲು ಮನೆ ಮಾಲೀಕರು, ಮ್ಯಾನೇಜಿಂಗ್ ಏಜೆಂಟ್ ಅಥವಾ ಹೌಸಿಂಗ್ ಅಸೋಸಿಯೇಷನ್ ಜೊತೆ ಮಾತು. ಮೊದಲು ನಿಮ್ಮ ಲೀಸ್ ಅಥವಾ ಟೆನೆನ್ಸಿ ಪತ್ರ ಓದಿ, ಪಾರ್ಕಿಂಗ್ ಬಗ್ಗೆ ಏನಿದೆ ನೋಡಿ. ಈಕ್ವಾಲಿಟಿ ಆಕ್ಟ್ ಪ್ರಕಾರ ‘ರೀಸನಬಲ್ ಅಡ್ಜಸ್ಟ್‌ಮೆಂಟ್’ (ಅಂಗವಿಕಲರಿಗಾಗಿ ಮಾಡಿಕೊಡುವ ಸಮಂಜಸ ಹೊಂದಾಣಿಕೆ) ಕೇಳುತ್ತಿದ್ದೇವೆ ಎಂದು ಇಮೇಲ್ ಬರೆಯಿರಿ. ಫೋನಿನಲ್ಲಿ ಮಾತಾಡಿದರೂ ಆಮೇಲೆ ಬರವಣಿಗೆಯಲ್ಲಿ ಕಳಿಸಿ. ಕೇಳುವಾಗ ಪರಿಹಾರವನ್ನೂ ನೀವೇ ಸೂಚಿಸಿ. ಲಿಫ್ಟಿನ ಹತ್ತಿರದ ವಿಸಿಟರ್ ಜಾಗ ಕೊಡಬಹುದೇ? ಒಪ್ಪುವ ನೆರೆಯವರ ಜೊತೆ ಜಾಗ ಅದಲುಬದಲು ಮಾಡಬಹುದೇ? ಇಂಥ ಸಣ್ಣ, ಖರ್ಚಿಲ್ಲದ ಬೇಡಿಕೆಗೆ ಇಲ್ಲ ಎನ್ನುವುದು ಅವರಿಗೂ ಕಷ್ಟ.

ಸ್ವಂತ ಮನೆ, ಮುಂದೆ ತೋಟ ಇದ್ದರೆ ಅಲ್ಲೇ ಕಾರು ನಿಲ್ಲುವಂತೆ ಮಾಡಿಸಬಹುದು. ಅದಕ್ಕೆ ಫುಟ್‌ಪಾತ್ ಅಂಚು ತಗ್ಗಿಸಲು ಕೌನ್ಸಿಲ್ ಅನುಮತಿ ಬೇಕು. ಖರ್ಚಿಗೆ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಕೇಳಿ ನೋಡಬಹುದು. ಇಂಗ್ಲೆಂಡಿನಲ್ಲಿ ಅದರ ಮಿತಿ 30,000 ಪೌಂಡ್. ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನ ಆದಾಯ ನೋಡುವುದಿಲ್ಲ. ಮಗು ಮನೆಯೊಳಗೆ ಹೋಗಿ ಬರುವುದಕ್ಕೆ ಇದು ಬೇಕೇ ಬೇಕು ಎಂದು ಆಕ್ಯುಪೇಷನಲ್ ಥೆರಪಿಸ್ಟ್ ಹೇಳಬೇಕು. ಷರತ್ತಿರುವ ವೀಸಾದವರು ಅರ್ಜಿಗೆ ಮೊದಲು ಸಲಹೆ ಪಡೆಯಿರಿ.

ಸಿಕ್ಕ ಮೇಲೆ

ಮಗು ಕಾರಿನಲ್ಲಿ ಇಲ್ಲದಾಗ, ಅಥವಾ ಮಗುವನ್ನು ಕರೆತರಲು, ಬಿಡಲು ಅಲ್ಲದ ಓಡಾಟಕ್ಕೆ ಬ್ಯಾಡ್ಜ್ ಬಳಸುವಂತಿಲ್ಲ. ದುರುಪಯೋಗಕ್ಕೆ 1,000 ಪೌಂಡ್‌ವರೆಗೆ ದಂಡ ಇದೆ, ಬ್ಯಾಡ್ಜ್ ಕೂಡ ಹೋಗಬಹುದು. ನೀವು ಮಗುವಿನ ಜೊತೆ ಊರಿಗೆ ಹೋದಾಗ ಬ್ಯಾಡ್ಜ್ ಗೆಳೆಯರ ಕೈಗೆ ಕೊಟ್ಟು ಹೋಗಬೇಡಿ. ಬ್ಯಾಡ್ಜ್ ಜೊತೆ ಒಂದು ಗಡಿಯಾರದ ಕಾರ್ಡೂ ಬರುತ್ತದೆ. ಹಳದಿ ಗೆರೆ ಮೇಲೆ ನಿಲ್ಲಿಸಿದರೆ ಬಂದ ಸಮಯವನ್ನು ಅದರಲ್ಲಿ ತೋರಿಸಬೇಕು. ಅಲ್ಲಿ 3 ಗಂಟೆಯ ಮಿತಿ ಇದೆ, ಲೋಡಿಂಗ್ ನಿಷೇಧ ಇರುವ ಕಡೆ ನಿಲ್ಲಿಸುವಂತಿಲ್ಲ.

ಮಾಮೂಲಿ ಬ್ಯಾಡ್ಜ್ 3 ವರ್ಷ ನಡೆಯುತ್ತದೆ. 3 ವರ್ಷದೊಳಗಿನ ಮಗುವಿಗೆ ಕೊಟ್ಟದ್ದು ಮೂರನೇ ಹುಟ್ಟುಹಬ್ಬ ಆದ ಕೂಡಲೇ ಮುಗಿಯುತ್ತದೆ. ಆಮೇಲೆ ದೊಡ್ಡವರ ನಿಯಮದಲ್ಲಿ ಹೊಸ ಅರ್ಜಿ, ಹೊಸ ಸಾಕ್ಷಿ. ಡಿಎಲ್‌ಎ ಪಡೆಯಬಹುದಾದ ಮನೆಯವರು ಮೊಬಿಲಿಟಿ ಭಾಗವನ್ನೂ ಆಗಲೇ ಕೇಳಬೇಕು. ಹುಟ್ಟುಹಬ್ಬಕ್ಕೆ ಮೂರು ನಾಲ್ಕು ತಿಂಗಳು ಇರುವಾಗಲೇ ತಜ್ಞರಿಗೆ ಪತ್ರಕ್ಕಾಗಿ ಬರೆಯಿರಿ. ಮನೆ ಬದಲಿಸಿದರೆ ಹಳೆಯ ಕೌನ್ಸಿಲ್‌ಗೆ ತಿಳಿಸಿ, ಆ ಬೇ ಬೇರೆಯವರಿಗೆ ಬೇಕಾಗಬಹುದು, ಬೇಡವಾದರೆ ಅಳಿಸುತ್ತಾರೆ. ಹೊಸ ಮನೆ ಹುಡುಕುವಾಗ ಮನೆ ನೋಡಲು ಹಗಲಲ್ಲಿ ಒಮ್ಮೆ, ರಾತ್ರಿ ಎಂಟರ ಮೇಲೆ ಇನ್ನೊಮ್ಮೆ ಹೋಗಿ. ಬೀದಿಯಲ್ಲಿ ಜಾಗ ಎಷ್ಟಿದೆ ಎಂಬುದು ಗೊತ್ತಾಗುವುದು ಆಗಲೇ.